ಪೀರ್ ರಿವ್ಯೂ ಆಗಿದೆ ಅಂದ್ರೆ ಏನಾಗಿದೆ?

‘ಪ್ರತಿಷ್ಠಿತ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ’ ಅಂತ ಸುದ್ದಿ ಶುರುವಾದರೆ ಸಾಕು, ಮುಂದಿನದ್ದನ್ನೆಲ್ಲ ನಾವು ಸುಮ್ನೆ ಒಪ್ಪಿಕೊಂಡು ಓದುತ್ತೇವೆ. ಕಾಫಿ ಹೃದಯಕ್ಕೆ ಒಳ್ಳೆಯದು ಅಂದರೂ ಸರಿ, ಮುಂದಿನ ತಿಂಗಳು ಕೆಟ್ಟದ್ದು ಅಂದರೂ ಸರಿ. ವಾದಕ್ಕೆ ಬಿದ್ದಾಗಲಂತೂ ‘ಅದು ಪೀರ್ ರಿವ್ಯೂ ಆಗಿದೆ ರೀ’ ಅನ್ನುವುದೇ ಕೊನೆಯ ಅಸ್ತ್ರ. ಅಲ್ಲಿಗೆ ಮಾತು ಮುಗಿಯಿತು.

ಆ ರಿವ್ಯೂನಲ್ಲಿ, ಅಂದರೆ ಪ್ರಕಟಿಸುವ ಮುಂಚೆ ಅದೇ ಕ್ಷೇತ್ರದವರಿಂದ ಜರ್ನಲ್ ಮಾಡಿಸುವ ಪರಿಶೀಲನೆಯಲ್ಲಿ, ನಿಜವಾಗಿ ಏನು ನಡೆಯುತ್ತದೆ? ಬಹಳ ಜನ ಅಂದುಕೊಂಡಿರುವುದು ಹೀಗೆ: ಯಾರೋ ದೊಡ್ಡ ವಿಜ್ಞಾನಿಗಳು ಆ ಪ್ರಯೋಗವನ್ನು ಇನ್ನೊಮ್ಮೆ ಮಾಡಿ, ಲೆಕ್ಕವೆಲ್ಲ ತಾಳೆ ನೋಡಿ, ಸರಿ ಇದೆ ಅಂತ ಮೊಹರು ಒತ್ತುತ್ತಾರೆ. ಹಾಗೇನೂ ಇಲ್ಲ. ಅದೇ ವಿಷಯದಲ್ಲಿ ಕೆಲಸ ಮಾಡುವ ಇಬ್ಬರೋ ಮೂವರೋ ತಮ್ಮ ಪಾಡಿಗೆ ಕೂತು ಸಂಶೋಧನಾ ಪ್ರಬಂಧ (ಪೇಪರ್) ಓದಿ, ಅನಿಸಿದ್ದನ್ನು ಬರೆದು ಕಳಿಸುತ್ತಾರೆ. ಅಷ್ಟೇ. ಅವರು ನೋಡುವುದು ಪ್ರಬಂಧವನ್ನು, ಪ್ರಯೋಗವನ್ನಲ್ಲ. ಇದೊಂದು ನೆನಪಿದ್ದರೆ ಈ ವ್ಯವಸ್ಥೆ ಯಾವ ತಪ್ಪನ್ನು ಹಿಡಿಯುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಅನ್ನುವುದು ಬಹುಮಟ್ಟಿಗೆ ತಿಳಿಯುತ್ತದೆ.

ಒಂದು ಕಾಲ್ಪನಿಕ ಪೇಪರ್ ಇಟ್ಟುಕೊಂಡು ಅದರ ಹಿಂದೆಯೇ ಹೋಗೋಣ. ತುಮಕೂರು ಕಡೆಯ ಒಂದು ಕಾಲೇಜಿನವರು ಸಕ್ಕರೆ ಕಾಯಿಲೆ ಇರುವ 40 ಜನರನ್ನು ಆರಿಸಿಕೊಂಡರು ಅನ್ನಿ. 20 ಜನಕ್ಕೆ ರಾತ್ರಿ ಅನ್ನದ ಬದಲು ರಾಗಿ ಮುದ್ದೆ. ಉಳಿದ 20 ಜನಕ್ಕೆ ಎಂದಿನ ಅನ್ನ. ಮೂರು ತಿಂಗಳಾದ ಮೇಲೆ ಎಲ್ಲರ ಎಚ್‌ಬಿಎ1ಸಿ ನೋಡಿದರು. ಅಂದರೆ ಕಳೆದ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ತೋರಿಸುವ ಪರೀಕ್ಷೆ. ಮುದ್ದೆ ತಿಂದವರಲ್ಲಿ ಅದು ಇಳಿದಿತ್ತು. ಪ್ರಬಂಧ ಬರೆದರು. ಶೀರ್ಷಿಕೆ: ‘ರಾಗಿ ಮುದ್ದೆ ಮಧುಮೇಹವನ್ನು ನಿಯಂತ್ರಿಸುತ್ತದೆ’.

ಇದನ್ನು ಜರ್ನಲ್‌ನ ವೆಬ್‌ಸೈಟಿಗೆ ಏರಿಸಬೇಕು. ನಮ್ಮ ಕಾಲೇಜು, ಯೂನಿವರ್ಸಿಟಿಗಳಲ್ಲಿ ಇದಕ್ಕೆ ‘ಪೇಪರ್ ಕಮ್ಯುನಿಕೇಟ್ ಮಾಡಿದ್ದೀವಿ’ ಅನ್ನುತ್ತಾರೆ. ಪ್ರಬಂಧದ ಜೊತೆ ಚಿತ್ರಗಳು, ಕೋಷ್ಟಕಗಳು, ಎಡಿಟರ್‌ಗೆ ಒಂದು ಪತ್ರ, ಎಥಿಕ್ಸ್ ಕಮಿಟಿಯ ಒಪ್ಪಿಗೆ, ದುಡ್ಡು ಕೊಟ್ಟವರು ಯಾರು, ಲೇಖಕರಲ್ಲಿ ಯಾರು ಏನು ಮಾಡಿದರು ಅನ್ನೋ ವಿವರ, ಎಲ್ಲ ಹೋಗಬೇಕು. ಇದನ್ನು ಬೇರೆ ಯಾವ ಜರ್ನಲ್‌ಗೂ ಈಗ ಕಳಿಸಿಲ್ಲ ಅಂತ ಒಪ್ಪಿಕೊಳ್ಳಲೂಬೇಕು. ಕೆಲಸಕ್ಕೆ ಹತ್ತು ಕಡೆ ಅರ್ಜಿ ಹಾಕಬಹುದು, ಪೇಪರ್ ಒಂದೇ ಕಡೆ. ರಿವ್ಯೂ ಮಾಡುವವರು ದುಡ್ಡು ತಗೊಳ್ಳದೆ ಬಿಟ್ಟಿ ಓದುತ್ತಾರೆ. ಒಂದೇ ಪ್ರಬಂಧವನ್ನು ನಾಲ್ಕು ಜರ್ನಲ್‌ಗಳ ಹನ್ನೆರಡು ಜನ ಓದಿ ಬೇಸ್ತು ಬೀಳುವುದು ಬೇಡ ಅಂತ ಈ ನಿಯಮ.

ಆಫೀಸಿನವರು ಮೊದಲು ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್‌ಗೆ ಹಾಕುತ್ತಾರೆ. ಅದಾದ ಮೇಲೆ ಎಡಿಟರ್ ಕೈಗೆ. ಬ್ರಿಟನ್ನಿನ ಹೆಸರಾಂತ ವಿಜ್ಞಾನ ಜರ್ನಲ್ ‘ನೇಚರ್’ನಂಥ ಕಡೆ ಇದೇ ಪೂರ್ತಿ ಕೆಲಸವಾಗಿರುವ, ಸಂಬಳದ ಎಡಿಟರ್‌ಗಳಿದ್ದಾರೆ. ಹೆಚ್ಚಿನ ಜರ್ನಲ್‌ಗಳಲ್ಲಿ ಎಡಿಟರ್ ಅಂದರೆ ಪಾಠ, ಲ್ಯಾಬು, ಮೀಟಿಂಗುಗಳ ನಡುವೆ ಇದನ್ನೂ ಮಾಡುವ ಒಬ್ಬ ಪ್ರೊಫೆಸರ್. ಅವರ ಮೊದಲ ಪ್ರಶ್ನೆ ಪ್ರಬಂಧ ನಿಜವೋ ಸುಳ್ಳೋ ಅಂತಲ್ಲ. ಇದು ನಮ್ಮ ಜರ್ನಲ್‌ನ ವಿಷಯವೇ? ಇದರಲ್ಲಿ ಹೊಸತೇನಿದೆ? ಇದನ್ನು ಓದಿ ಅಂತ ಇಬ್ಬರು ಬಿಡುವಿಲ್ಲದ ಜನರನ್ನು ಕೇಳುವಷ್ಟು ಯೋಗ್ಯತೆ ಇದೆಯೇ? ಇಲ್ಲ ಅನಿಸಿದರೆ ಅಲ್ಲಿಂದಲೇ ವಾಪಸ್. ಇದು ಡೆಸ್ಕ್ ರಿಜೆಕ್ಷನ್. ದೊಡ್ಡ ಹೆಸರಿನ ಜರ್ನಲ್‌ಗಳಲ್ಲಿ ಬಹುಪಾಲು ಪ್ರಬಂಧಗಳ ಕಥೆ ಇಲ್ಲೇ ಮುಗಿಯುತ್ತದೆ. ‘ನೇಚರ್’ ಕೊನೆಗೆ ಪ್ರಕಟಿಸುವುದು ಬಂದ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಲೇಖಕರು ಈ ರಿಜೆಕ್ಷನ್‌ಗೆ ಶಾಪ ಹಾಕುತ್ತಾರೆ. ನನ್ನ ಪ್ರಕಾರ ಆರು ತಿಂಗಳು ಕಾಯಿಸಿ ಇಲ್ಲ ಅನ್ನುವುದಕ್ಕಿಂತ ಒಂದು ವಾರದಲ್ಲಿ ಇಲ್ಲ ಅನ್ನುವುದು ಎಷ್ಟೋ ವಾಸಿ.

ನಮ್ಮ ರಾಗಿ ಪೇಪರ್ ಈ ಬಾಗಿಲು ದಾಟಿತು ಅನ್ನಿ. ಈಗ ಎಡಿಟರ್‌ಗೆ ಓದುವವರನ್ನು ಹುಡುಕುವ ತಲೆನೋವು. ಪ್ರಬಂಧದ ಕೊನೆಯ ಉಲ್ಲೇಖಗಳ ಪಟ್ಟಿ ನೋಡುತ್ತಾರೆ, ಇದೇ ವಿಷಯದಲ್ಲಿ ಈಚೆಗೆ ಬರೆದವರು ಯಾರು ಅಂತ ಜಾಲಾಡುತ್ತಾರೆ. ಲೇಖಕರ ಹಳೇ ಗೈಡ್ ಆಗಬಾರದು, ಜೊತೆಗೆ ಪೇಪರ್ ಬರೆದವರು ಆಗಬಾರದು, ಅದೇ ಕಾಲೇಜಿನವರು ಆಗಬಾರದು, ಬದ್ಧ ಪ್ರತಿಸ್ಪರ್ಧಿಯೂ ಆಗಬಾರದು. ಚಿಕ್ಕ ಕ್ಷೇತ್ರಗಳಲ್ಲಿ ಇಷ್ಟೆಲ್ಲ ಸೋಸಿದ ಮೇಲೆ ಉಳಿಯುವವರು ನಾಲ್ಕೈದು ಜನ. ಅವರಿಗೆ ಇಮೇಲ್ ಹೋಗುತ್ತದೆ: ಎರಡು ಮೂರು ವಾರದಲ್ಲಿ ಓದಿ ಕೊಡಲು ಸಾಧ್ಯವೇ? ಒಬ್ಬರು ಆಗಲ್ಲ ಅನ್ನುತ್ತಾರೆ. ಇನ್ನೊಬ್ಬರು ಉತ್ತರವನ್ನೇ ಕೊಡುವುದಿಲ್ಲ. ಮತ್ತೊಬ್ಬರು ಒಪ್ಪಿಕೊಂಡು ಮಾಯವಾಗುತ್ತಾರೆ. ವೆಬ್‌ಸೈಟಿನಲ್ಲಿ ತಿಂಗಳುಗಟ್ಟಲೆ ‘ಅಂಡರ್ ರಿವ್ಯೂ’ ಅಂತ ತೋರಿಸುತ್ತದಲ್ಲ, ಅದರಲ್ಲಿ ಎಷ್ಟೋ ದಿನ ಪ್ರಬಂಧವನ್ನು ಯಾರೂ ಓದುತ್ತಿರುವುದೇ ಇಲ್ಲ. ಒಪ್ಪಿಕೊಂಡ ಪ್ರೊಫೆಸರ್ ಅದನ್ನು ತಮ್ಮ ಪಿಎಚ್‌ಡಿ ವಿದ್ಯಾರ್ಥಿಗೆ ದಾಟಿಸುವುದೂ ಉಂಟು. ವಿದ್ಯಾರ್ಥಿ ನಿಷ್ಠೆಯಿಂದ ಓದಿ ಬರೆಯುತ್ತಾನೆ, ಹೆಸರು ಗುರುಗಳದ್ದು.

ಈ ಹುಡುಕಾಟ ಎಷ್ಟು ಕಷ್ಟ ಅಂದರೆ, ಅನೇಕ ಜರ್ನಲ್‌ಗಳು ಲೇಖಕರನ್ನೇ ನಾಲ್ಕು ಹೆಸರು ಸೂಚಿಸಿ ಅಂತ ಕೇಳುತ್ತವೆ. ಕಳ್ಳರು ನುಗ್ಗಿದ್ದು ಇದೇ ಕಿಂಡಿಯಿಂದ. ನಿಜವಾದ ವಿಜ್ಞಾನಿಯ ಹೆಸರು ಕೊಟ್ಟು, ತಾವೇ ಸೃಷ್ಟಿಸಿದ ಇಮೇಲ್ ವಿಳಾಸ ಹಾಕಿಬಿಡುವುದು. ಎಡಿಟರ್ ಕಳಿಸಿದ ಪ್ರಬಂಧ ವಾಪಸ್ ಲೇಖಕರ ಕೈಗೇ ಬರುತ್ತದೆ. ತಮ್ಮ ಪ್ರಬಂಧಕ್ಕೆ ತಾವೇ ಒಳ್ಳೆಯ ಮಾತು ಬರೆದುಕೊಂಡು, ಸಂಶಯ ಬಾರದಿರಲಿ ಅಂತ ಒಂದೆರಡು ಚಿಕ್ಕ ತಿದ್ದುಪಡಿ ಸೂಚಿಸಿ ಕಳಿಸುತ್ತಾರೆ! 2014ರಲ್ಲಿ ‘ಜರ್ನಲ್ ಆಫ್ ವೈಬ್ರೇಷನ್ ಅಂಡ್ ಕಂಟ್ರೋಲ್’ ಇಂಥ ಜಾಲ ಬಯಲಾಗಿ 60 ಪ್ರಬಂಧಗಳನ್ನು ಹಿಂತೆಗೆದುಕೊಂಡಿತು, ಅಂದರೆ ಇವನ್ನು ಇನ್ನು ನಂಬಬೇಡಿ ಅಂತ ಸಾರಿತು. 2017ರಲ್ಲಿ ‘ಟ್ಯೂಮರ್ ಬಯಾಲಜಿ’ 107 ಪ್ರಬಂಧಗಳನ್ನು ಒಂದೇ ಸಲ ಹಿಂತೆಗೆದುಕೊಂಡಿತು.

ಸರಿ, ನಮಗೆ ಇಬ್ಬರು ಪ್ರಾಮಾಣಿಕರು ಸಿಕ್ಕರು. ವಿಜ್ಞಾನದ ಹೆಚ್ಚಿನ ಜರ್ನಲ್‌ಗಳಲ್ಲಿ ಲೇಖಕರು ಯಾರು ಅಂತ ರಿವ್ಯೂವರ್‌ಗೆ ಗೊತ್ತಿರುತ್ತದೆ, ರಿವ್ಯೂವರ್ ಯಾರು ಅಂತ ಲೇಖಕರಿಗೆ ಗೊತ್ತಿರುವುದಿಲ್ಲ. ಕೆಲವು ಕಡೆ ಎರಡೂ ಹೆಸರು ಮರೆ. ಇನ್ನು ಕೆಲವು ಕಡೆ ಎರಡೂ ಬಯಲು.

ಮೊದಲ ರಿವ್ಯೂವರ್ ಪೌಷ್ಟಿಕ ಆಹಾರದ ತಜ್ಞೆ. ವರದಿ ಶುರುವಾಗುವುದು ‘ಲೇಖಕರು ಮುಖ್ಯವಾದ ವಿಷಯವನ್ನು ಎತ್ತಿಕೊಂಡಿದ್ದಾರೆ’ ಅಂತ. ಅದು ಲೋಕಾಭಿರಾಮ. ಮುಂದಿನ ಸಾಲಿನಿಂದ ಅಸಲಿ ಮಾತು. ಒಂದು ಮುದ್ದೆ ಅಂದರೆ ಎಷ್ಟು ಗ್ರಾಂ? ಹಿಟ್ಟು ತರಿತರಿಯೋ ನುಣ್ಣಗೋ? ನುಣ್ಣಗಾದಷ್ಟೂ ಬೇಗ ಅರಗಿ ಸಕ್ಕರೆ ಬೇಗ ಏರುತ್ತದೆ, ಹಾಗಾಗಿ ಇದನ್ನು ಹೇಳದೆ ವಿಧಿ ಇಲ್ಲ. ಮುದ್ದೆ ಜೊತೆ ಏನಿತ್ತು? ಬಸ್ಸಾರಾದರೆ ಸೊಪ್ಪು, ಕಾಳು ಜಾಸ್ತಿ ಹೊಟ್ಟೆಗೆ ಹೋಗುತ್ತದೆ. ಗುಣ ಮುದ್ದೆಯದ್ದೋ ಸೊಪ್ಪಿನದ್ದೋ? ಮುದ್ದೆ ತಿಂದವರು ಬೇಗ ಹೊಟ್ಟೆ ತುಂಬಿ ಒಟ್ಟಾರೆ ಕಡಿಮೆ ತಿಂದು, ತೂಕ ಇಳಿದು, ಅದರಿಂದ ಸಕ್ಕರೆ ಇಳಿದಿರಬಹುದಲ್ವಾ? ತೂಕದ ಲೆಕ್ಕವೇ ಪ್ರಬಂಧದಲ್ಲಿಲ್ಲ. ಮೂರು ತಿಂಗಳಲ್ಲಿ ಯಾರಿಗಾದರೂ ಡಾಕ್ಟರು ಮಾತ್ರೆಯ ಡೋಸ್ ಬದಲಿಸಿದರೇ?

ಎರಡನೆಯವರು ಸಂಖ್ಯಾಶಾಸ್ತ್ರ ಗೊತ್ತಿರುವವರು. ಅವರ ಕಣ್ಣು ಬಿದ್ದದ್ದು ಬೇರೆ ಕಡೆ. ಕೋಷ್ಟಕ ಒಂದರಲ್ಲಿ 40 ಜನ ಇದ್ದಾರೆ, ಕೋಷ್ಟಕ ಮೂರರಲ್ಲಿ 34. ಉಳಿದ ಆರು ಜನ ಎಲ್ಲಿ ಹೋದರು? ಅವರು ಮುದ್ದೆ ಒಗ್ಗದೆ ಬಿಟ್ಟುಹೋದವರಾದರೆ, ಉಳಿದಿರುವುದು ಒಗ್ಗಿದವರು ಮಾತ್ರ. ಲೆಕ್ಕ ಅಲ್ಲಿಗೇ ವಾಲುತ್ತದೆ. ಯಾರಿಗೆ ಮುದ್ದೆ, ಯಾರಿಗೆ ಅನ್ನ ಅಂತ ಹೇಗೆ ತೀರ್ಮಾನಿಸಿದಿರಿ? ಚೀಟಿ ಎತ್ತಿದಿರೋ, ಇಷ್ಟಪಟ್ಟವರಿಗೆ ಕೊಟ್ಟಿರೋ? ಇಷ್ಟಪಟ್ಟು ಮುದ್ದೆ ಕೇಳುವವರು ಮೊದಲೇ ಆರೋಗ್ಯದ ಕಾಳಜಿ ಇರುವವರಾಗಿರಬಹುದು, ವಾಕಿಂಗ್ ಕೂಡ ಹೋಗುತ್ತಿರಬಹುದು. ಇನ್ನೊಂದು ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳನ್ನು ಮೊದಲೇ ದಾಖಲಿಸಲು 2007ರಿಂದ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ಇದೆ. ಅಲ್ಲಿ ನೀವು ಅಳೆಯುತ್ತೇವೆ ಅಂತ ಬರೆದದ್ದು ಖಾಲಿ ಹೊಟ್ಟೆಯ ಸಕ್ಕರೆ. ಪ್ರಬಂಧದಲ್ಲಿ ಮುಖ್ಯ ಫಲಿತಾಂಶ ಎಚ್‌ಬಿಎ1ಸಿ ಹೇಗಾಯಿತು? ಐದು ಸಂಗತಿ ಅಳೆದು, ಚೆನ್ನಾಗಿ ಬಂದ ಒಂದನ್ನು ಮಾತ್ರ ಮುಂದಿಟ್ಟಿರಾ?

ಈ ಕೊನೆಯ ಪ್ರಶ್ನೆ ಸಣ್ಣದಾಗಿ ಕಂಡರೂ ಬಲು ತೂಕದ್ದು. ಹತ್ತು ಕಡೆ ಗಾಳ ಹಾಕಿದರೆ ಒಂದು ಕಡೆ ಮೀನು ಸಿಕ್ಕೇ ಸಿಗುತ್ತದೆ. ಮೊದಲೇ ಎಲ್ಲಿ ಗಾಳ ಹಾಕುತ್ತೇನೆ ಅಂತ ಹೇಳಿ ಹಿಡಿದರೆ ಮಾತ್ರ ಅದಕ್ಕೆ ಬೆಲೆ.

ವರದಿಯಲ್ಲಿ ಎರಡು ಭಾಗ ಇರುತ್ತವೆ. ಒಂದು ಲೇಖಕರು ಓದುವುದಕ್ಕೆ, ಇನ್ನೊಂದು ಎಡಿಟರ್ ಒಬ್ಬರೇ ಓದುವುದಕ್ಕೆ. ಲೇಖಕರಿಗೆ ‘ಇನ್ನಷ್ಟು ಸ್ಪಷ್ಟತೆ ಬೇಕು’ ಅಂತ ನಯವಾಗಿ ಬರೆದವರೇ, ಎಡಿಟರ್‌ಗೆ ‘ಈ ದತ್ತಾಂಶದ ಮೇಲೆ ನನಗೆ ನಂಬಿಕೆ ಇಲ್ಲ’ ಅಂತ ನೇರವಾಗಿ ಬರೆದಿರಬಹುದು. ಮತ್ತೆ, ಕೆಲವರು ವರದಿಯ ಕೊನೆಗೆ ‘ಈ ಮೂರು ಪ್ರಬಂಧಗಳನ್ನು ಲೇಖಕರು ಉಲ್ಲೇಖಿಸಿದರೆ ಒಳ್ಳೆಯದು’ ಅಂತ ಸೇರಿಸುತ್ತಾರೆ. ತೆಗೆದು ನೋಡಿದರೆ ಮೂರೂ ಒಬ್ಬರವೇ. ಮುಚ್ಚಿಟ್ಟ ಹೆಸರು ಅಲ್ಲಿಗೆ ಬಯಲು.

ರಿವ್ಯೂವರ್‌ಗಳು ಸಲಹೆ ಕೊಡುತ್ತಾರೆ, ತೀರ್ಪು ಕೊಡುವುದು ಎಡಿಟರ್. ಒಬ್ಬರು ಪ್ರಕಟಿಸಿ ಅಂದು ಇನ್ನೊಬ್ಬರು ಬೇಡವೇ ಬೇಡ ಅನ್ನುವುದು ಮಾಮೂಲು. ಆಗ ಎಡಿಟರ್ ಮೂರನೆಯವರನ್ನು ಕೇಳಬಹುದು, ಇಲ್ಲವೇ ತಾವೇ ತೂಗಿ ನೋಡಬಹುದು. ಬಂದದ್ದನ್ನು ಹಾಗೆಯೇ ಒಪ್ಪಿಕೊಳ್ಳುವುದು ತೀರಾ ಅಪರೂಪ. ಸಾಮಾನ್ಯವಾಗಿ ಮೈನರ್ ರಿವಿಷನ್ (ಚಿಕ್ಕ ತಿದ್ದುಪಡಿ), ಮೇಜರ್ ರಿವಿಷನ್ (ದೊಡ್ಡ ತಿದ್ದುಪಡಿ) ಅಥವಾ ರಿಜೆಕ್ಟ್. ನಮ್ಮ ರಾಗಿಯವರಿಗೆ ಬಂದದ್ದು ಮೇಜರ್ ರಿವಿಷನ್. ಮೊದಲ ಸಲ ಅಂಥ ಪತ್ರ ಓದಿದ ವಿದ್ಯಾರ್ಥಿಗೆ ಎದೆ ಧಸಕ್ಕೆನ್ನುತ್ತದೆ. ಅನುಭವ ಇರುವ ಗೈಡ್‌ಗೆ ಗೊತ್ತು, ಇದು ಅರ್ಧ ಗೆದ್ದ ಹಾಗೆ.

ಈಗ ಉತ್ತರದ ಪತ್ರ. ರಿವ್ಯೂವರ್ ಹೇಳಿದ ಒಂದೊಂದು ಮಾತನ್ನೂ ಎತ್ತಿ ಬರೆದು, ಕೆಳಗೆ ಇನ್ನೊಂದು ಬಣ್ಣದಲ್ಲಿ ತಮ್ಮ ಉತ್ತರ, ಎಷ್ಟನೇ ಪುಟದ ಎಷ್ಟನೇ ಸಾಲಿನಲ್ಲಿ ಏನು ಬದಲಿಸಿದೆವು ಅನ್ನೋ ವಿವರ. ಪ್ರಬಂಧಕ್ಕಿಂತ ಈ ಪತ್ರವೇ ಉದ್ದವಾಗುವುದೂ ಇದೆ. ಪ್ರತಿ ಉತ್ತರವೂ ‘ಈ ಅಮೂಲ್ಯ ಸಲಹೆಗೆ ಕೃತಜ್ಞರು’ ಅಂತಲೇ ಶುರು. ಲ್ಯಾಬಿನಲ್ಲಿ ಆಡುವ ಮಾತು ಬೇರೆ ಬಿಡಿ. ಎಲ್ಲವನ್ನೂ ಒಪ್ಪಲೇಬೇಕು ಅಂತಿಲ್ಲ. ಕಾರಣ ಕೊಟ್ಟು ‘ಇದು ಸಾಧ್ಯವಿಲ್ಲ’ ಅನ್ನಬಹುದು. ನಮ್ಮವರು ತೂಕದ ಲೆಕ್ಕ ಸೇರಿಸಿದರು, ಬಿಟ್ಟುಹೋದ ಆರು ಜನರ ವಿವರ ಕೊಟ್ಟರು, ಖಾಲಿ ಹೊಟ್ಟೆಯ ಸಕ್ಕರೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ ಅಂತ ಒಪ್ಪಿಕೊಂಡರು. ಶೀರ್ಷಿಕೆ ‘ರಾತ್ರಿ ಊಟದಲ್ಲಿ ರಾಗಿ ಮುದ್ದೆ ಮತ್ತು ಎಚ್‌ಬಿಎ1ಸಿ: 40 ಜನರ ಪ್ರಾಥಮಿಕ ಅಧ್ಯಯನ’ ಅಂತಾಯಿತು. ಸಪ್ಪೆ ಶೀರ್ಷಿಕೆ. ಆದರೆ ಮೊದಲಿನದ್ದಕ್ಕಿಂತ ಎಷ್ಟು ಪ್ರಾಮಾಣಿಕ ನೋಡಿ. ನನಗೆ ಕೇಳಿದರೆ, ಪೀರ್ ರಿವ್ಯೂ ಅತಿ ಚೆನ್ನಾಗಿ ಮಾಡುವ ಕೆಲಸ ಇದೇ: ಲೇಖಕರ ಬಾಯಿಂದ ದೊಡ್ಡ ಮಾತನ್ನು ಕಿತ್ತುಕೊಳ್ಳುವುದು.

ಇಷ್ಟು ಹಳೆಯ ವಿಜ್ಞಾನಕ್ಕೆ ಈ ಪದ್ಧತಿಯೂ ಅಷ್ಟೇ ಹಳೆಯದು ಅಂದುಕೊಂಡರೆ ತಪ್ಪು. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಶುರು ಮಾಡಿದಾಗ ಏನು ಹಾಕಬೇಕು, ಏನು ಬಿಡಬೇಕು ಅನ್ನುವುದು ಅವರೊಬ್ಬರ ವಿವೇಚನೆ. ಸದಸ್ಯರಿಂದ ಬರವಣಿಗೆಯಲ್ಲಿ ವರದಿ ತರಿಸುವ ರೂಢಿ ಅಲ್ಲಿ ಬಂದದ್ದು 1830ರ ದಶಕದಲ್ಲಿ. ‘ನೇಚರ್’ ಎಲ್ಲ ಪ್ರಬಂಧಗಳಿಗೂ ಇದನ್ನು ಕಡ್ಡಾಯ ಮಾಡಿದ್ದು 1973ರಲ್ಲಿ. ಡಿಎನ್‌ಎಯ ಜೋಡಿ ಸುರುಳಿಯ ಬಗ್ಗೆ ವಾಟ್ಸನ್, ಕ್ರಿಕ್ 1953ರಲ್ಲಿ ಅಲ್ಲಿ ಬರೆದ ಪ್ರಬಂಧ ರಿವ್ಯೂಗೆ ಹೋಗಿಯೇ ಇರಲಿಲ್ಲ.

ಐನ್‌ಸ್ಟೈನ್ ಅವರಿಗೂ ಇದು ಹೊಸದಾಗಿತ್ತು. 1936ರಲ್ಲಿ ಅವರು ನೇಥನ್ ರೋಸೆನ್ ಜೊತೆ ಸೇರಿ ಒಂದು ಪ್ರಬಂಧವನ್ನು ಅಮೆರಿಕದ ‘ಫಿಸಿಕಲ್ ರಿವ್ಯೂ’ಗೆ ಕಳಿಸಿದರು. ಗುರುತ್ವದ ಅಲೆಗಳು, ಅಂದರೆ ದೇಶ-ಕಾಲದಲ್ಲೇ ಏಳುವ ಅಲೆಗಳು, ಇಲ್ಲವೇ ಇಲ್ಲ ಅನ್ನುವುದು ಅದರ ಸಾರ. ಎಡಿಟರ್ ಜಾನ್ ಟೇಟ್ ಅದನ್ನು ಒಬ್ಬ ತಜ್ಞರಿಗೆ ತೋರಿಸಿದರು. ಹತ್ತು ಪುಟದ ಟಿಪ್ಪಣಿ ಬಂತು: ಗಣಿತದಲ್ಲಿ ತೊಡಕಿದೆ. ಟೇಟ್ ಅದನ್ನು ಐನ್‌ಸ್ಟೈನ್‌ಗೆ ಕಳಿಸಿ ನಿಮ್ಮ ಅಭಿಪ್ರಾಯ ತಿಳಿಸಿ ಅಂದರು. ಐನ್‌ಸ್ಟೈನ್ ಸಿಡಿದರು. ನಾವು ಕಳಿಸಿದ್ದು ಪ್ರಕಟಿಸುವುದಕ್ಕೆ, ಅಚ್ಚಾಗುವ ಮುಂಚೆ ತಜ್ಞರಿಗೆ ತೋರಿಸಿ ಅಂತ ನಿಮಗೆ ಹೇಳಿರಲಿಲ್ಲ, ನಿಮ್ಮ ಅನಾಮಧೇಯ ತಜ್ಞರ ತಪ್ಪು ಟಿಪ್ಪಣಿಗೆ ಉತ್ತರಿಸುವ ಅಗತ್ಯ ಕಾಣುವುದಿಲ್ಲ ಅನ್ನೋ ಅರ್ಥದ ಪತ್ರ ಬರೆದು ಪ್ರಬಂಧ ವಾಪಸ್ ಪಡೆದರು. ಆಮೇಲೆ ಆ ಜರ್ನಲ್‌ಗೆ ಅವರು ಮತ್ತೆ ದೊಡ್ಡ ಪ್ರಬಂಧ ಕಳಿಸಲೇ ಇಲ್ಲ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಆ ಅನಾಮಧೇಯ ತಜ್ಞ ಪ್ರಿನ್ಸ್‌ಟನ್ನಿನ ಭೌತವಿಜ್ಞಾನಿ ಹೋವರ್ಡ್ ಪರ್ಸಿ ರಾಬರ್ಟ್‌ಸನ್. ಐನ್‌ಸ್ಟೈನ್ ಇದ್ದದ್ದೂ ಅದೇ ಊರಿನಲ್ಲಿ. ರಾಬರ್ಟ್‌ಸನ್ ತಾನೇ ಆ ವರದಿ ಬರೆದವನು ಅಂತ ಬಾಯಿ ಬಿಡದೆ, ಐನ್‌ಸ್ಟೈನರ ಹೊಸ ಸಹಾಯಕ ಇನ್‌ಫೆಲ್ಡ್ ಜೊತೆ ಮಾತಾಡುತ್ತಾ ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟರು. ಅಷ್ಟರಲ್ಲಿ ಪ್ರಬಂಧ ‘ಜರ್ನಲ್ ಆಫ್ ದಿ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್’ ಸೇರಿತ್ತು. 1937ರಲ್ಲಿ ಅಚ್ಚಾದಾಗ ಅದರ ತೀರ್ಮಾನವೇ ತಲೆಕೆಳಗಾಗಿತ್ತು: ಅಲೆಗಳು ಇರಬಹುದು. 2015ರಲ್ಲಿ ಅಮೆರಿಕದ ಲೈಗೊ ಅನ್ನೋ ಪತ್ತೆಯಂತ್ರಗಳು ಆ ಅಲೆಗಳನ್ನು ಹಿಡಿದವು. ರಿವ್ಯೂವರ್ ಯಾರು ಅನ್ನುವುದು ಹಳೆಯ ದಾಖಲೆ ಪುಸ್ತಕದಿಂದ ಖಚಿತವಾದದ್ದು 2005ರಲ್ಲಿ, ಇಬ್ಬರೂ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ.

ಹೀಗೆ ಕೆಲಸ ಕೆಟ್ಟು ಒಳ್ಳೆಯದಾದದ್ದೂ ಇದೆ. 1964ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಪೀಟರ್ ಹಿಗ್ಸ್ ಅವರ ಒಂದು ಪ್ರಬಂಧವನ್ನು ‘ಫಿಸಿಕ್ಸ್ ಲೆಟರ್ಸ್’ ತಿರಸ್ಕರಿಸಿತು. ಅವರು ಒಂದಿಷ್ಟು ಸೇರಿಸಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ಗೆ ಕಳಿಸಿದರು. ಈಗ ಹಿಗ್ಸ್ ಬೋಸಾನ್ ಅಂತ ಲೋಕವೆಲ್ಲ ಕರೆಯುವ ಕಣದ ಸುಳಿವು ಇದ್ದದ್ದು ಆ ಸೇರಿಸಿದ ಭಾಗದಲ್ಲಿ.

ಹಾಗಾದರೆ ಇದು ತಪ್ಪು ಹಿಡಿಯುವುದರಲ್ಲಿ ಎಷ್ಟು ಗಟ್ಟಿ? ‘ಬಿಎಂಜೆ’ ಅನ್ನೋ ಬ್ರಿಟನ್ನಿನ ವೈದ್ಯಕೀಯ ಜರ್ನಲ್‌ನವರು ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡರು. ಒಂದು ಪ್ರಬಂಧದಲ್ಲಿ ಬೇಕಂತಲೇ ಎಂಟು ದೋಷ ತುಂಬಿ 420 ರಿವ್ಯೂವರ್‌ಗಳಿಗೆ ಕಳಿಸಿದರು. 221 ಜನ ವರದಿ ಕೊಟ್ಟರು. ಸರಾಸರಿ ಹಿಡಿದದ್ದು ಎಂಟರಲ್ಲಿ ಎರಡು. ಒಂದನ್ನೂ ಹಿಡಿಯದವರು ನೂರಕ್ಕೆ 16. ಇದು ಅಚ್ಚಾದದ್ದು 1998ರಲ್ಲಿ.

ಹೆಸರಿನ ಪ್ರಭಾವ ಇನ್ನೂ ಕಸಿವಿಸಿ ಹುಟ್ಟಿಸುತ್ತದೆ. 2022ರ ಒಂದು ಪ್ರಯೋಗದಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ವರ್ನನ್ ಸ್ಮಿತ್ ಮತ್ತು ಅಷ್ಟೇನೂ ಹೆಸರಿಲ್ಲದ ಅವರ ಸಹಲೇಖಕರ ಒಂದೇ ಪ್ರಬಂಧವನ್ನು ಮೂರು ಬಗೆಯಲ್ಲಿ ಕಳಿಸಿದರು. ಸಹಲೇಖಕರ ಹೆಸರು ಮಾತ್ರ ಕಂಡಾಗ ನೂರಕ್ಕೆ 65 ಜನ ತಿರಸ್ಕರಿಸಿ ಅಂದರು. ಹೆಸರೇ ಇಲ್ಲದಾಗ 48. ನೊಬೆಲ್ ಹೆಸರು ಮಾತ್ರ ಕಂಡಾಗ 23. ಅಕ್ಷರ ಒಂದೂ ಬದಲಾಗಿರಲಿಲ್ಲ. ಹೆಸರು ಕೇಳಿರದ ಊರಿನ ಕಾಲೇಜಿನಿಂದ ಪೇಪರ್ ಕಳಿಸುವವರು ‘ನಮ್ಮ ವಿಳಾಸ ನೋಡಿಯೇ ತಿರುಗಿಸಿದರು’ ಅಂತ ಗೊಣಗಿದರೆ ಅದು ಬರೀ ಹೊಟ್ಟೆಯುರಿ ಅಂತ ನಗುವ ಹಾಗಿಲ್ಲ. ಎರಡೂ ಕಡೆ ಹೆಸರು ಮುಚ್ಚುವ ಪದ್ಧತಿಯ ಪರ ನಾನು ನಿಲ್ಲುವುದು ಇದೇ ಕಾರಣಕ್ಕೆ. ಬರವಣಿಗೆ ನೋಡಿಯೇ ಯಾರದ್ದು ಅಂತ ಗೊತ್ತಾಗಿಬಿಡುತ್ತದೆ ಅನ್ನೋ ಆಕ್ಷೇಪ ಇದ್ದೇ ಇದೆ. ಇರಲಿ, ಎಲ್ಲರದ್ದೂ ಗೊತ್ತಾಗಲ್ಲವಲ್ಲ.

ಆದರೆ ದೊಡ್ಡ ಕುಸಿತಗಳು ಆಗಿರುವುದು ರಿವ್ಯೂವರ್ ಸೋಮಾರಿಯಾದ್ದರಿಂದಲ್ಲ. 2020ರ ಮೇ 22ರಂದು ಬ್ರಿಟನ್ನಿನ ವೈದ್ಯಕೀಯ ಜರ್ನಲ್ ‘ಲ್ಯಾನ್ಸೆಟ್’ ಒಂದು ಪ್ರಬಂಧ ಪ್ರಕಟಿಸಿತು. ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನೋ ಮಲೇರಿಯಾ ಔಷಧ ಕೊಟ್ಟರೆ ಸಾವು ಹೆಚ್ಚು ಅನ್ನುವುದು ಅದರ ಮಾತು. 671 ಆಸ್ಪತ್ರೆ, 96,000 ರೋಗಿಗಳು. ದತ್ತಾಂಶ ಸರ್ಜಿಸ್ಫಿಯರ್ ಅನ್ನೋ ಅಮೆರಿಕದ ಪುಟ್ಟ ಕಂಪನಿಯದ್ದು. ಮೂರೇ ದಿನದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಔಷಧದ ಭಾಗವನ್ನು ತಡೆಹಿಡಿಯಿತು. ಆಮೇಲೆ ಓದುಗರು ಕೋಷ್ಟಕಗಳನ್ನು ಕೆದಕತೊಡಗಿದರು. ಆಸ್ಟ್ರೇಲಿಯಾದಲ್ಲಿ ಏಪ್ರಿಲ್ 21ರ ಹೊತ್ತಿಗೆ 73 ಸಾವು ಅಂತ ಪ್ರಬಂಧದಲ್ಲಿತ್ತು. ಆ ದೇಶದ ಅಧಿಕೃತ ಲೆಕ್ಕ 67. ಇಡೀ ದೇಶದಲ್ಲಿ ಸತ್ತವರಿಗಿಂತ ಅವರ ಪಟ್ಟಿಯಲ್ಲಿ ಸತ್ತವರು ಜಾಸ್ತಿ! ಮೂಲ ದತ್ತಾಂಶ ತೋರಿಸಿ ಅಂದರೆ ಕಂಪನಿ ತೋರಿಸಲಿಲ್ಲ. ಜೂನ್ 4ರಂದು ಪ್ರಬಂಧ ವಾಪಸ್. ಅದೇ ದಿನ ಅದೇ ಕಂಪನಿಯ ದತ್ತಾಂಶ ಬಳಸಿದ್ದ ಇನ್ನೊಂದು ಪ್ರಬಂಧವನ್ನು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಕೂಡ ತೆಗೆಯಿತು.

ಇಷ್ಟು ದೊಡ್ಡ ಜರ್ನಲ್‌ಗಳ ರಿವ್ಯೂವರ್‌ಗಳಿಗೆ ಇದು ಕಾಣಲಿಲ್ಲವೇ? ಅವರಿಗೆ ಮೂಲ ದತ್ತಾಂಶ ಕೊಟ್ಟೇ ಇರಲಿಲ್ಲ. ವೋಚರ್ ಕೈಗೆ ಸಿಗದೆ ಬರೀ ಬ್ಯಾಲೆನ್ಸ್ ಶೀಟ್ ಓದುವ ಆಡಿಟರ್‌ನ ಸ್ಥಿತಿ ಅವರದ್ದು. ಒಪ್ಪವಾಗಿ ಬರೆದ ಸುಳ್ಳನ್ನು ಹಿಡಿಯುವುದಕ್ಕೆ ಈ ಪದ್ಧತಿಯನ್ನು ಕಟ್ಟಿಲ್ಲ. ಲೇಖಕರು ಪ್ರಾಮಾಣಿಕರು, ಆದರೆ ಎಡವಿರಬಹುದು ಅನ್ನುವ ನಂಬಿಕೆಯ ಮೇಲೆ ಇದು ನಿಂತಿದೆ. ಈಚೆಗೆ ಅನೇಕ ಜರ್ನಲ್‌ಗಳು ದತ್ತಾಂಶವನ್ನೂ ಲೆಕ್ಕದ ಪ್ರೋಗ್ರಾಮನ್ನೂ ಜೊತೆಗೇ ಕೊಡಿ ಅಂತ ಕೇಳುತ್ತಿವೆ. ತಡವಾಯಿತು, ಆದರೂ ಸರಿಯಾದ ಹೆಜ್ಜೆ.

ಪ್ರಕಟವಾದ ಮೇಲಿನ ಓದು ಎಷ್ಟು ಚುರುಕಾಗಿರಬಹುದು ಅನ್ನುವುದಕ್ಕೆ ನಮ್ಮ ಬೆಂಗಳೂರಿನದ್ದೇ ಒಂದು ಉದಾಹರಣೆ ಇದೆ. ಭೌತವಿಜ್ಞಾನಿಗಳು ರಿವ್ಯೂಗೆ ಕಾಯದೆ ತಮ್ಮ ಪ್ರಬಂಧವನ್ನು 1991ರಿಂದಲೇ ‘ಆರ್ಕೈವ್’ ಅನ್ನೋ ಜಾಲತಾಣಕ್ಕೆ ಹಾಕುತ್ತಾ ಬಂದಿದ್ದಾರೆ. ಇವಕ್ಕೆ ಪ್ರಿಪ್ರಿಂಟ್ ಅನ್ನುತ್ತಾರೆ. 2018ರ ಜುಲೈನಲ್ಲಿ ಐಐಎಸ್‌ಸಿಯ ಇಬ್ಬರು ಸಂಶೋಧಕರು ಅಲ್ಲಿ ಹಾಕಿದ ಪ್ರಿಪ್ರಿಂಟ್ ಜಗತ್ತಿನ ಕಿವಿ ನಿಮಿರಿಸಿತು. ಚಿನ್ನ, ಬೆಳ್ಳಿಯ ನ್ಯಾನೊ ಕಣಗಳಲ್ಲಿ 236 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಮಾಮೂಲಿ ಒತ್ತಡದಲ್ಲೇ ಸೂಪರ್ ಕಂಡಕ್ಟಿವಿಟಿ (ವಿದ್ಯುತ್ತು ಸ್ವಲ್ಪವೂ ತಡೆಯಿಲ್ಲದೆ ಹರಿಯುವುದು) ಕಂಡಿದೆ ಅನ್ನುವುದು ಅದರ ಸಾರ. ಕೆಲವೇ ವಾರಗಳಲ್ಲಿ ಅಮೆರಿಕದ ಎಂಐಟಿಯ ಯುವ ಸಂಶೋಧಕರೊಬ್ಬರಿಗೆ ಒಂದು ಚಿತ್ರದಲ್ಲಿ ವಿಚಿತ್ರ ಕಂಡಿತು. ಎರಡು ಬೇರೆ ಬೇರೆ ಅಳತೆಗಳ ಗೆರೆಗಳಲ್ಲಿ ಸಣ್ಣ ಸಣ್ಣ ಏರುಪೇರುಗಳು ಒಂದೇ ಥರ ಇದ್ದವು. ಉಪಕರಣದ ಗದ್ದಲದಿಂದ ಬರುವ ಆ ನಡುಕ ಪ್ರತಿ ಸಲ ಬೇರೆ ಇರಬೇಕು. ಚರ್ಚೆ ಹೊತ್ತಿಕೊಂಡಿತು. 2019ರಲ್ಲಿ ಅದೇ ತಂಡ ಇನ್ನಷ್ಟು ಸಹೋದ್ಯೋಗಿಗಳನ್ನು ಸೇರಿಸಿಕೊಂಡು, ಹೆಚ್ಚಿನ ಅಳತೆಗಳೊಡನೆ ಹೊಸ ಆವೃತ್ತಿ ಹಾಕಿತು. ಆ ಏರುಪೇರನ್ನು ಗಮನಿಸಿದವರನ್ನು ಯಾವ ಎಡಿಟರೂ ಕೇಳಿಕೊಂಡಿರಲಿಲ್ಲ.

ದುಡ್ಡಿನ ಮಾತನ್ನೂ ಆಡಲೇಬೇಕು. 2020 ಒಂದೇ ವರ್ಷದಲ್ಲಿ ಜಗತ್ತಿನ ರಿವ್ಯೂವರ್‌ಗಳು ಸೇರಿ ಈ ಕೆಲಸಕ್ಕೆ ಕೊಟ್ಟ ಸಮಯ 10 ಕೋಟಿ ಗಂಟೆಗೂ ಜಾಸ್ತಿ ಅಂತ ಒಂದು ಅಂದಾಜು. ಸಂಭಾವನೆ ಸಾಮಾನ್ಯವಾಗಿ ಸೊನ್ನೆ. ಬರೆಯುವವರು ಬಿಟ್ಟಿ, ಓದಿ ತಿದ್ದುವವರು ಬಿಟ್ಟಿ. ಆಮೇಲೆ ಅದನ್ನು ಓದಲು ಕಾಲೇಜುಗಳು ಪ್ರಕಾಶಕರಿಗೆ ಚಂದಾ ಕಟ್ಟಬೇಕು, ಇಲ್ಲವೇ ಎಲ್ಲರಿಗೂ ಓದಲು ಸಿಗಲಿ ಅಂತ ಲೇಖಕರು ದುಡ್ಡು ಕಟ್ಟಬೇಕು. ‘ನೇಚರ್’ 2021ರಲ್ಲಿ ಇದಕ್ಕೆ ನಿಗದಿ ಮಾಡಿದ್ದ ಶುಲ್ಕ 9,500 ಯೂರೋ. ನಮ್ಮ ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಕಾಲೇಜುಗಳಿಗೆ ಸಿಗುತ್ತವೆ. ಒಳ್ಳೆಯದೇ. ಆದರೆ ನಮ್ಮದೇ ವಿಜ್ಞಾನಿಗಳ ಬಿಟ್ಟಿ ಶ್ರಮವೂ ಸೇರಿದ ಸರಕನ್ನು ನಾವೇ ತೆರಿಗೆ ದುಡ್ಡಿನಿಂದ ಕೊಳ್ಳುತ್ತಿದ್ದೇವೆ ಅನ್ನುವುದು ನೆನಪಿರಲಿ. ಇದಕ್ಕೆ ಹೋಲಿಸಿದರೆ, ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಭೌತವಿಜ್ಞಾನದ ‘ಪ್ರಮಾಣ’ದಂಥ ತನ್ನ ಜರ್ನಲ್‌ಗಳನ್ನು ಯಾರು ಬೇಕಾದರೂ ಓದಲು ತನ್ನ ಜಾಲತಾಣದಲ್ಲಿ ಬಿಟ್ಟಿರುವುದು ಎಷ್ಟೋ ಮೆಚ್ಚುವಂಥದ್ದು.

ಬಡ್ತಿಗೂ ಕೆಲಸಕ್ಕೂ ಪೇಪರ್‌ಗಳ ಲೆಕ್ಕವೇ ಮುಖ್ಯವಾದಾಗ ಪೇಪರ್ ಮಾರುವ ಅಂಗಡಿಗಳೇ ಹುಟ್ಟಿಕೊಳ್ಳುತ್ತವೆ. ಹಿಂದಾವಿ ಅನ್ನೋ ಪ್ರಕಾಶನ 2023ರಲ್ಲಿ ಹಿಂತೆಗೆದುಕೊಂಡ ಪ್ರಬಂಧಗಳು 8,000ಕ್ಕೂ ಜಾಸ್ತಿ. ಅವೆಲ್ಲ ಕಾಗದದ ಮೇಲೆ ‘ಪೀರ್ ರಿವ್ಯೂ’ ಆದವೇ. ಈಗ ಎಐ ಬಂದಿದೆ. ಪ್ರಬಂಧವನ್ನೂ ಅದೇ ಬರೆಯುತ್ತದೆ, ವರದಿಯನ್ನೂ ಅದೇ ಬರೆಯುತ್ತದೆ. 2025ರಲ್ಲಿ ಕೆಲವು ಪ್ರಿಪ್ರಿಂಟ್‌ಗಳಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಒಳ್ಳೆಯದನ್ನೇ ಬರೆ’ ಅನ್ನುವ ಆಜ್ಞೆ ಅಡಗಿಸಿಟ್ಟದ್ದು ಸಿಕ್ಕಿಬಿತ್ತು. ಮನುಷ್ಯರ ಕಣ್ಣಿಗೆ ಕಾಣದು, ರಿವ್ಯೂವರ್ ಎಐಗೆ ಕೊಟ್ಟರೆ ಅದು ಓದುತ್ತದೆ. ಇನ್ನೊಂದು ಕಡೆ, ಅದೇ ವರ್ಷದ ಜೂನ್‌ನಿಂದ ‘ನೇಚರ್’ ಹೊಸದಾಗಿ ಬರುವ ಪ್ರಬಂಧಗಳಲ್ಲಿ ಪ್ರಕಟವಾದವಕ್ಕೆ ರಿವ್ಯೂವರ್ ವರದಿಗಳನ್ನೂ ಲೇಖಕರ ಉತ್ತರವನ್ನೂ ಜೊತೆಗೇ ಹಾಕಲು ಶುರುಮಾಡಿದೆ. ಸಮಯ ಸಿಕ್ಕಾಗ ಒಂದನ್ನು ತೆಗೆದು ಓದಿ. ಪ್ರಬಂಧಕ್ಕಿಂತ ಆ ಜಗಳವೇ ಸ್ವಾರಸ್ಯ.

ಯಾವುದಾದರೂ ಪ್ರಬಂಧ ಕೈಗೆ ಬಂದರೆ ಮೊದಲ ಅಥವಾ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದ ದಿನಾಂಕಗಳನ್ನು ನೋಡಿ. ಜರ್ನಲ್‌ಗೆ ಬಂದದ್ದು ಯಾವಾಗ, ತಿದ್ದಿದ್ದು ಯಾವಾಗ, ಒಪ್ಪಿದ್ದು ಯಾವಾಗ ಅಂತ ಸಾಮಾನ್ಯವಾಗಿ ಇರುತ್ತದೆ. ಬಂದದ್ದಕ್ಕೂ ಒಪ್ಪಿದ್ದಕ್ಕೂ ಕೆಲವು ತಿಂಗಳ ಅಂತರ ಸಹಜ. ಮೂರೇ ದಿನವಾದರೆ ಯಾರು ಓದಿದರು ಅಂತ ಕೇಳಬೇಕಾಗುತ್ತದೆ. ಹಿಂತೆಗೆದುಕೊಂಡ ಪ್ರಬಂಧವನ್ನು ಜರ್ನಲ್‌ನವರು ಸಾಮಾನ್ಯವಾಗಿ ಅಳಿಸಿಹಾಕುವುದಿಲ್ಲ. ‘ಹಿಂತೆಗೆದುಕೊಳ್ಳಲಾಗಿದೆ’ ಅನ್ನೋ ಅರ್ಥದ ದಪ್ಪಕ್ಷರವನ್ನು ಅದರ ಮೇಲೆ ಅಡ್ಡಲಾಗಿ ಒತ್ತಿ, ತಮ್ಮ ತಾಣದಲ್ಲಿ ಹಾಗೆಯೇ ಇಡುತ್ತಾರೆ. ವಾಟ್ಸಾಪಿನಲ್ಲಿ ಓಡಾಡುವ ಪಿಡಿಎಫ್ ಮಾತ್ರ ಆ ಮೊಹರು ಬೀಳುವ ಮುಂಚಿನ ಕಾಪಿ ಆಗಿರಬಹುದು. ಹಾಗಾಗಿ ಫಾರ್ವರ್ಡ್ ಮಾಡುವ ಮುಂಚೆ ಜರ್ನಲ್‌ನ ಸ್ವಂತ ಪುಟಕ್ಕೆ ಹೋಗಿ ಒಮ್ಮೆ ನೋಡುವುದು ವಾಸಿ.